ಗೊರಗೊರ ಸಹಿಸದ ನೆರೆಯವರು

ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದ ಕೂಡಲೇ ಪಕ್ಕದ ಮನೆಯಿಂದ ಗೋಡೆ ಬಡಿದು, "ಟೀಚರ್, ನಿಮ್ಮ ಮಿಕ್ಸರ್ ಅಳಾಕತ್ಯಾದ್ರಿ, ಬ್ರಶ್ ಸವದಾವ ನೋಡ್ರಿ" ಎನ್ನುವ ನೆರೆಯವರು ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿದ್ದರು. ಶಹಾಪುರದ ಹತ್ತಿರ ಕಾಲುವೆ ಇಲಾಖೆಯ ಕ್ಯಾಂಪಿನಲ್ಲಿ ನಮ್ಮದೂ ಅವರದೂ ನಡುವೆ ಒಂದೇ ಗೋಡೆ ಇದ್ದ ಕ್ವಾರ್ಟರ್ಸು. ನಾನು ಕ್ಯಾಂಪಿನ ಪ್ರಾಥಮಿಕ ಶಾಲೆಯ ಟೀಚರ್. ಅವರು ಇಲಾಖೆಯ ವೈರ್‌ಲೆಸ್ ಆಪರೇಟರ್. ಹೋದ ತಿಂಗಳು ಸುರಪುರದಲ್ಲಿ ತೀರಿಕೊಂಡರು ಎಂದು ತಿಳಿದಾಗ ಮೊದಲು ನೆನಪಾದದ್ದು ಅವರ ಮುಖವಲ್ಲ, ಗೋಡೆಯ ಮೇಲೆ ಬೀಳುತ್ತಿದ್ದ ಆ ಬಡಿತ.

ಕ್ಯಾಂಪಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವರು ವೈರ್‌ಲೆಸ್ಸಿನವರು. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಯಾವ ಗೇಟು ಎಷ್ಟು ಎತ್ತಿದರು ಎಂಬುದೆಲ್ಲ ಆಗ ವೈರ್‌ಲೆಸ್ ಸೆಟ್ಟಿನಲ್ಲೇ ಬರುತ್ತಿತ್ತು. ಕರಕರ, ಗೊರಗೊರ, ಸುಂಯ್ ಎನ್ನುವ ಗದ್ದಲದೊಳಗಿಂದ ಒಂದು ಅಂಕಿಯನ್ನು ಹೆಕ್ಕಿ ತೆಗೆಯುವುದು ಅವರ ನೌಕರಿ. ಇಡೀ ದಿನ ಗದ್ದಲ ಕೇಳಿ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೆ ಮನೆಗೆ ಬಂದ ಮೇಲೆ ಒಂದು ಸೊಳ್ಳೆಯ ಸಪ್ಪಳವೂ ಆಗುತ್ತಿರಲಿಲ್ಲ.

ನೌಕರಿಯ ಇನ್ನೊಂದು ಗುಣವೂ ಅವರಿಗೆ ಅಂಟಿತ್ತು. ಮಾತು ಮುಗಿದಾಗ "ಓವರ್" ಎನ್ನುವುದು. "ಚಹಾ ಮಾಡು, ಓವರ್" ಎಂದು ಅವರು ಈ ಕೋಣೆಯಿಂದ ಹೇಳಿದರೆ, "ಹಾಲಿಲ್ಲ, ಓವರ್" ಎಂದು ಅವರ ಹೆಂಡತಿ ಆ ಕೋಣೆಯಿಂದ ಹೇಳುತ್ತಿದ್ದರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ. ನಗುವುದನ್ನೇ ಕಸುಬು ಮಾಡಿಕೊಂಡಂತಿದ್ದ ಹೆಂಗಸು. ಆ ಗಂಡನ ಜೊತೆ ಬಾಳಲು ಬೇರೆ ಉಪಾಯವೂ ಇರಲಿಲ್ಲ.

ಒಮ್ಮೆ ಶಹಾಪುರದಲ್ಲಿ ನಮ್ಮವರದೇ ಒಂದು ಮದುವೆ. ಅಕ್ಷತೆ ಕೈಯಲ್ಲಿ ಹಿಡಿದು ಎಲ್ಲರೂ ಎದ್ದು ನಿಂತಿದ್ದೇವೆ. ಮೈಕು ಗುಂಯ್ ಎನ್ನುತ್ತಿತ್ತು, ಮದುವೆಯ ಮೈಕು ಅನ್ನಬೇಕಾದದ್ದೇ ಹಾಗೆ. ನಮ್ಮ ವೈರ್‌ಲೆಸ್ಸಿನವರು ಮಾತ್ರ ಜನರನ್ನು ಸರಿಸಿಕೊಂಡು ಮಂಟಪದ ಹಿಂದೆ ಹೋಗಿ, ಆಂಪ್ಲಿಫೈಯರಿನ ವೈರು ಕಿತ್ತರು. ಮೈಕು ಸತ್ತಿತು. ಸ್ವಾಮಿಗಳು ಬಾಯಿ ತೆರೆದದ್ದು ತೆರೆದ ಹಾಗೇ ನಿಂತರು. "ಎರಡ ಮಿನಿಟ್ ತಡೀರಿ, ಅರ್ಥಿಂಗ್ ಹಚ್ಚಿಲ್ಲ ಇವರು" ಎಂದು ಹಿಂದಿನಿಂದ ದನಿ ಬಂತು. ಮದುಮಗ ತಾಳಿ ಹಿಡಿದುಕೊಂಡು ಕಾಯ್ದ. ಆಮೇಲೆ ಮಂತ್ರ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಸ್ವಾಮಿಗಳು ನಡುನಡುವೆ ನುಂಗುತ್ತಿದ್ದ ಸಾಲುಗಳೂ ಎಲ್ಲರಿಗೂ ಗೊತ್ತಾದವು. ಅಂದಿನಿಂದ ಆ ಸ್ವಾಮಿಗಳು ಇವರು ಬಂದಿದ್ದಾರೆಯೇ ಎಂದು ಕೇಳಿಕೊಂಡೇ ಮದುವೆಗೆ ಬರುತ್ತಿದ್ದರಂತೆ.

ಇಂಥವರ ಮನೆಗೆ ಒಂದು ಟಿವಿ ಗೇಮು ಬಂತು. ಹೈದರಾಬಾದಿಗೆ ಹೋದಾಗ ಫುಟ್‌ಪಾತಿನಲ್ಲಿ ಮಕ್ಕಳಿಗೆಂದು ಕೊಂಡದ್ದು. ಬೂದು ಬಣ್ಣದ ಪೆಟ್ಟಿಗೆ, ಮೇಲೆ ಕ್ಯಾಸೆಟ್ ತುರುಕುವ ಬಾಯಿ, ಆಡುವುದಕ್ಕೆ ಎರಡು ಗುಂಡಿಯ ರಿಮೋಟು. ಒಬ್ಬ ಗಡ್ಡದ ಮನುಷ್ಯ ಓಡುತ್ತಿರುತ್ತಾನೆ. ಎದುರಿನಿಂದ ಕಲ್ಲು ಉರುಳಿ ಬರುತ್ತವೆ, ಗುಂಡಿ ಒತ್ತಿ ಅವನನ್ನು ಜಿಗಿಸಬೇಕು. ಅಷ್ಟೇ ಆಟ. ಮಕ್ಕಳು ಒಂದು ವಾರ ಆಡಿದರೋ ಇಲ್ಲವೋ, ಅದು ಅಕ್ಕನ ಕೈಗೆ ಹೋಯಿತು. ಒಮ್ಮೆ ಅಕ್ಕನ ಕೈಗೆ ಹೋದದ್ದು ತಿರುಗಿ ಬರುತ್ತಿರಲಿಲ್ಲ.

ಅಕ್ಕ ಎಂದರೆ ಅವರ ಒಡಹುಟ್ಟಿದ ಅಕ್ಕ. ವೈನಿಯ ತಾಯಿ ಕೂಡ ಅವಳೇ. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಇದ್ದದ್ದೇ, ಹಾಗಾಗಿ ಅಕ್ಕನೇ ಅತ್ತೆಯೂ ಆಗಿದ್ದಳು. ಬೇರೆ ಮನೆಯಲ್ಲಿ ಅಳಿಯ ಅತ್ತೆಗೆ ಹೆದರುವುದು ಅಪರೂಪ. ಇಲ್ಲಿ ಅತ್ತೆಯೇ ಅಳಿಯನ ಮೂಗು ಒರೆಸಿ, ತಮ್ಮೂರು ಕೊಂಕಲ್‌ನ ಹೊಲಗಳಲ್ಲಿ ಕೂಲಿ ಮಾಡಿ, ಅವನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದವಳು. ಗಂಡ ಹೋದ ಮೇಲೆ ಕ್ಯಾಂಪಿಗೆ ಬಂದು ಇವರ ಜೊತೆಗೇ ಇದ್ದಳು. ಅವಳ ಬಗ್ಗೆ ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. "ಬರ್ರಿ ಅಕ್ಕಾ" ಎಂದರೆ, ಮತ್ಯಾರು ಬಂದರೆಂದು ಹಿಂದೆ ತಿರುಗಿ ನೋಡುತ್ತಿದ್ದಳು.

ತಿರುಗಿ ನೋಡುತ್ತಿದ್ದಳು ಎಂದೆ. ನೋಡಿದರೂ ಆಗ ಅವಳಿಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕ್ಯಾಂಪಿಗೆ ಬಂದ ಕಣ್ಣಿನ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೇಗ ತೆಗೆಸಿ, ಬಿಟ್ಟಷ್ಟೂ ಕಷ್ಟ ಎಂದು. ಅಕ್ಕ ಸೆರಗು ಕೊಡವಿ ಎದ್ದು ಬಂದಿದ್ದಳು. ಈ ಪೆಟ್ಟಿಗೆ ಕೈಗೆ ಬಂದ ಸ್ವಲ್ಪ ದಿನಕ್ಕೇ ಆಟ ಆಡುತ್ತಾ ಘೋಷಣೆ ಮಾಡಿದಳು.

"ತಮ್ಮಾ, ನನ್ನ ಕಣ್ಣ ಛಲೋ ಅದಾವ. ನಿನ್ನ ಟಿವಿ ಖರಾಬ್ ಅದ. ಮಬ್ಬ ಮಬ್ಬ ಕಾಣಸ್ತದ."

ಬೇರೆ ಯಾರೇ ಆಗಿದ್ದರೂ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಇವರು ಸ್ಕ್ರೂ ಡ್ರೈವರ್ ತಂದರು.

ಖರೆ ಹೇಳಬೇಕೆಂದರೆ ಆ ಪೆಟ್ಟಿಗೆಯ ಚಿತ್ರ ಚೆನ್ನಾಗಿಯೂ ಇರಲಿಲ್ಲ. ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸುವಂಥದ್ದು ಅದು. ಹಿಟ್ಟು ಜರಡಿ ಹಿಡಿದಂತೆ ಚುಕ್ಕಿ, ಹಿಂದೆ ಸದಾ ಗೊರಗೊರ. ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಒಂದು ಸಣ್ಣ ತಗಡಿನ ಡಬ್ಬಿ ತೋರಿಸಿ ಅವರು ನನಗೆ ಪಾಠ ಮಾಡಿದರು.

"ಎಲ್ಲಾ ಗದ್ಲದ ಮೂಲ ಇದು ನೋಡ್ರಿ ಟೀಚರ್. ಚಿತ್ರ ಬ್ಯಾರೆ, ಆವಾಜ್ ಬ್ಯಾರೆ ಹುಟ್ತಾವ. ಈ ಡಬ್ಬಿ ಎರಡೂ ಕಲಸಿ ಒಂದೇ ವೈರಿನ್ಯಾಗ ಕಳಸ್ತದ. ಟಿವಿ ಮತ್ತ ಬ್ಯಾರೆ ಮಾಡ್ತದ. ಅನ್ನ ಸಾರು ಕಲಸಿ ಡಬ್ಬಿ ಕಟ್ಟಿ, ಅಲ್ಲಿ ಹೋಗಿ ಬ್ಯಾರೆ ಮಾಡಿ ಉಣ್ಣು ಅಂದಂಗ ಆತಿಲ್ರಿ ಇದು. ಓವರ್."

"ಹಂಗಾರ ಏನ್ ಮಾಡ್ತೀರಿ?"

"ಡಬ್ಬಿಗೆ ಹೋಗೂಕಿಂತ ಮೊದಲೇ ಹಿಡೀತೀನ್ರಿ."

ಹಿಡಿದರು. ಡಬ್ಬಿಯೊಳಗೆ ಹೋಗುತ್ತಿದ್ದ ಚಿತ್ರದ ತಂತಿಯನ್ನು ಹೊರಗೇ ತಡೆದು, ಒಂದು ಟ್ರಾನ್ಸಿಸ್ಟರು, ಎರಡು ಮೂರು ರೆಸಿಸ್ಟರು ಬೆಸೆದು, ಪೆಟ್ಟಿಗೆಯ ಬೆನ್ನಿಗೆ ತೂತು ಕೊರೆದು ಹಳದಿ ಪಿನ್ನಿನ ವೈರು ಎಳೆದರು. ಶಹಾಪುರದ ಬಿಡಿಭಾಗದ ಅಂಗಡಿಯವನು ಇವರ ಸೈಕಲ್ ಕಂಡರೆ ಊಟಕ್ಕೆ ಎದ್ದು ಹೋಗುವ ಹಂತ ಬಂತು. ಹಳದಿ ಪಿನ್ನು ಹಾಕುವ ತೂತು ಅವರ ಹಳೆಯ ಟಿವಿಗೆ ಇರಲಿಲ್ಲ, ನಮ್ಮ ಟಿವಿಗೆ ಇತ್ತು. ಹೀಗಾಗಿ ನನ್ನ ಸಂಜೆಗಳು ಹಾಳಾದವು. ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದ ಹಾಲು ಕೊಟ್ಟಲ್ಲಿಗೆ ಇವರು ಬಂದು ವೈರು ಬದಲಿಸಿದರು. ಅವಳು ಕುಡಿದಳೋ ಬಿಟ್ಟಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ವೈನಿಯೇ ನನ್ನ ಮೇಲೆ ಕರುಣೆ ತೋರಿ, ಹಟ ಹಿಡಿದು, ಅಂಥ ತೂತಿದ್ದ ಟಿವಿಯನ್ನು ಮನೆಗೆ ತರಿಸಿದರು.

ಚುಕ್ಕಿ ಹೋದವು. ಅಕ್ಕ ಮಂಚದ ಮೇಲೆ ಕೂತು ನೋಡಿ, "ಇನ್ನಾ ಮಬ್ಬ ಅದ" ಎಂದಳು.

ಇವರು ಟಿವಿಗೆ ಮೂಗು ಹಚ್ಚಿ ನೋಡಿದರು. ಆಕಾಶದ ನೀಲಿಯ ಮೇಲೆ ಸಣ್ಣಗೆ ಉದ್ದುದ್ದ ಗೆರೆ, ಪಟ್ಟಿ ಲುಂಗಿ ಹರವಿದ ಹಾಗೆ. "ಹೌದು ಅಕ್ಕ, ನಿನ್ನ ಮಾತು ಖರೆ" ಎಂದು ಖುಷಿಪಟ್ಟರು. ದೋಷ ಸಿಕ್ಕರೆ ಲಾಟರಿ ಹೊಡೆದವರ ಹಾಗೆ ಆಗುತ್ತಿದ್ದರು. ಚಿತ್ರದ ತಂತಿಯನ್ನು ಬೇರೆ ತಂತಿಗಳ ಸಂಗದಿಂದ ದೂರ ಒಯ್ದು, ಕೆಪಾಸಿಟರ್ ಹಚ್ಚಿ, ವಾರಗಟ್ಟಲೆ ಒದ್ದಾಡಿ ಗೆರೆ ತೆಗೆದರು. ಅಕ್ಕ ಮತ್ತೆ ನೋಡಿದಳು.

"ಇನ್ನಾ ಮಬ್ಬ ಅದನೋ."

"ಅವ್ವಾ, ಟಿವಿ ಸಾಫ್ ಅದ. ನಿನ್ನ ಕಣ್ಣಾಗ ಅದ ಮಬ್ಬ" ಎಂದು ವೈನಿ ಅಡುಗೆಮನೆಯಿಂದ ಹೇಳಿದರು. ಅಕ್ಕ ಕೇಳಿಸದವಳ ಹಾಗೆ ಕೂತಳು. ಇವರೂ ಕೇಳಿಸದವರ ಹಾಗೆ ಮತ್ತೆ ಸ್ಕ್ರೂ ಬಿಚ್ಚಿದರು. ಪಕ್ಕದ ಮನೆಯ ಮಿಕ್ಸರಿನ ಬ್ರಶ್ ಸವೆದದ್ದು ಕೇಳಿಸುವ ಕಿವಿಗೆ ಹೆಂಡತಿಯ ಮಾತು ಮಾತ್ರ ಕೇಳಿಸಲಿಲ್ಲ.

ಚಿತ್ರದಲ್ಲಿ ಇನ್ನು ತೆಗೆಯಲು ಏನೂ ಉಳಿಯದಿದ್ದಾಗ ಅವರು ಆವಾಜಿನ ಬೆನ್ನು ಹತ್ತಿದರು. ಅಡಾಪ್ಟರಿನ ಗೊರಗೊರಕ್ಕೆ ದೊಡ್ಡ ಕೆಪಾಸಿಟರ್ ಹಾಕಿ ಅದರ ಬಾಯಿ ಮುಚ್ಚಿಸಿದರು. ಆಮೇಲೆ ಅವರಿಗೆ ಒಂದು ಸಂಗತಿ ಗೊತ್ತಾಯಿತು. ಪೆಟ್ಟಿಗೆಯ ಹೊಟ್ಟೆಯೊಳಗೆ ಹಾಡಿನ ದನಿ ಚಿಪ್‌ನ ಒಂದು ಕಾಲಿನಿಂದ, ಧಡ್ ಧುಡ್ ಎನ್ನುವ ದನಿ ಇನ್ನೊಂದು ಕಾಲಿನಿಂದ ಹುಟ್ಟುತ್ತವೆ, ಆಮೇಲೆ ಎರಡನ್ನೂ ಒಂದು ಮಾಡಿಬಿಡುತ್ತಾರೆ ಎಂದು. ಎರಡನ್ನೂ ಬೇರೆ ಎಳೆದು, ಸತ್ತ ಟೇಪ್ ರೆಕಾರ್ಡರಿನ ಎರಡು ಸ್ಪೀಕರಿಗೆ ಕೊಟ್ಟರು. ಎಡಗಡೆ ಹಾಡು, ಬಲಗಡೆ ಕಲ್ಲು. ಕಲ್ಲು ಕಾಣಿಸಿಕೊಳ್ಳುವ ಮೊದಲು ಧಡ್ ಎಂದು ಒಂದು ಸಪ್ಪಳ ಆಗುತ್ತಿತ್ತು. ಅದು ಇಷ್ಟು ದಿನ ಗದ್ದಲದಲ್ಲಿ ಮುಳುಗಿಹೋಗಿತ್ತು. ಈಗ ಬಾಗಿಲು ಬಡಿದಷ್ಟು ಸ್ಪಷ್ಟ.

ಅಂದು ಅಕ್ಕ ಆಡಿದಳು. ಒಂದೂ ಕಲ್ಲು ತಾಗಲಿಲ್ಲ. ಗಡ್ಡದವನು ಎಂದೂ ಮುಟ್ಟದ ಊರು ಮುಟ್ಟಿದ.

"ಈಗ ಕಾಣಸ್ತದ ನೋಡು. ಛಂದ ಮಾಡಿದಿ ತಮ್ಮಾ" ಎಂದಳು ಅಕ್ಕ.

ಇವರ ಹಾರಾಟ ಕೇಳಬೇಡಿ. ಕ್ಯಾಂಪಿನ ಮನೆ ಮನೆಗೆ ಹೋಗಿ ಹೇಳಿಬಂದರು. "ಡಾಕ್ಟರ್ ಮಂದಿ ಏನೇನೋ ಅಂತಾರ್ರಿ. ಅಕ್ಕನ ಕಣ್ಣ ಸರಿ ಇದ್ವು, ಟಿವಿಯಾಗೇ ಗದ್ಲ ಇತ್ತು" ಎಂದು ನಮ್ಮ ಮನೆಯಲ್ಲೂ ಕೂತು ಎರಡು ಕಪ್ ಚಹಾ ಕುಡಿದರು. ನನ್ನ ಯಜಮಾನರಂತೂ ನಂಬಿಯೂ ಬಿಟ್ಟರು. ಗಂಡಸರು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎಷ್ಟು ಸುಲಭಕ್ಕೆ ನಂಬುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಸಜ್ಜೆ ರೊಟ್ಟಿ ಕೊಡಲೆಂದು ಅವರ ಮನೆಗೆ ಹೋದೆ. ಅಕ್ಕ ಮಂಚದ ಮೇಲೆ ಕೂತು ಆಡುತ್ತಿದ್ದಳು. "ಟೀಚರ್ ಬಂದ್ರೇನು" ಎಂದಳು, ನನ್ನ ಹೆಜ್ಜೆ ಬಾಗಿಲಿಗೆ ಬರುವ ಮೊದಲೇ. ವೈನಿ ಟಿವಿಯ ಹಿಂದೆ ಕಸ ಗುಡಿಸುತ್ತಿದ್ದರು. ಕಸಬರಿಗೆ ವೈರಿಗೆ ಸಿಕ್ಕು, ಹಳದಿ ಪಿನ್ನು ಕಳಚಿ ಬಿತ್ತು. ಟಿವಿ ಪೂರಾ ನೀಲಿಯಾಯಿತು. ಗಡ್ಡದವನಿಲ್ಲ, ಕಲ್ಲಿಲ್ಲ, ರಸ್ತೆಯಿಲ್ಲ.

ಅಕ್ಕ ಆಡುತ್ತಲೇ ಇದ್ದಳು.

ಧಡ್ ಎಂದಿತು, ಗುಂಡಿ ಒತ್ತಿದಳು. ಮತ್ತೆ ಧಡ್, ಮತ್ತೆ ಒತ್ತಿದಳು. "ಜಿಗೀಲೇ ಮೂಳ" ಎಂದು ನೀಲಿಗೆ ಬೈದಳು. ವೈನಿ ಕಸಬರಿಗೆ ಹಿಡಿದು ನಿಂತೇಬಿಟ್ಟರು. ನನಗೆ ಮೊದಲು ನಗು ಬಂತು, ಸುಳ್ಳು ಯಾಕೆ ಹೇಳಲಿ. ನಗು ತಡೆದುಕೊಂಡು ಕೇಳಿದೆ.

"ಅಕ್ಕಾ, ಚಿತ್ರ ಹೆಂಗ ಕಾಣಸಾಕತ್ಯಾದ?"

"ಭಾಳ ಸಾಫ್ ಅದ ನೋಡವ್ವ. ನನ್ನ ತಮ್ಮನ ಕೈಗುಣ."

ಬಾಗಿಲಲ್ಲಿ ಅವರು ನಿಂತಿದ್ದರು. ಸಂತೆಯ ಚೀಲ ಕೈಯಲ್ಲಿ ಹಾಗೇ ಇತ್ತು. ನೀಲಿ ಟಿವಿ ನೋಡಿದರು, ನೆಲದ ಮೇಲೆ ಬಿದ್ದ ಪಿನ್ನು ನೋಡಿದರು, ಅಕ್ಕನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡಿರಲು ನಮ್ಮಿಬ್ಬರಿಗೂ ಸನ್ನೆ ಮಾಡಿದರು. ಆಮೇಲೆ ಚೀಲವನ್ನು ಸಪ್ಪಳವಾಗದಂತೆ ಕೆಳಗಿಟ್ಟು ಹೊರಗೆ ಹೋದರು. ನನಗೆ ಬಂದಿದ್ದ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನಾನು ಹೊರಬಂದಾಗ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಮಾತಿನ ಕೊನೆಗೆ ಓವರ್ ಇರಲಿಲ್ಲ.

"ನನಗ ಅರ್ಧಾ ಗೊತ್ತಿತ್ರಿ ಟೀಚರ್. ಟಿವಿ ಖರಾಬ್ ಅದ ಅಂದ್ರ ನಾ ಬಿಚ್ಚಿ ಸರಿ ಮಾಡ್ತೀನಿ. ಕಣ್ಣ ಖರಾಬ್ ಅಂದ್ರ ನಾ ಏನ್ ಬಿಚ್ಲಿ? ಅದಕ್ಕ ಟಿವಿನೇ ಖರಾಬ್ ಇರಲಿ ಅಂದ್ಕೊಂಡೆ."

ಪೂರ್ತಿ ಕುರುಡಿಯಾಗಿ ಹೋಗುತ್ತಾಳೆ ನನ್ನ ಅಕ್ಕ, ಅದಕ್ಕೆ ಅನುಕೂಲ ಮಾಡಿಕೊಟ್ಟವನು ನಾನೇ ಎಂದು ಹೇಳಿ ಮುಖ ತಿರುಗಿಸಿದರು.

ಮಧ್ಯಾಹ್ನ ಅಕ್ಕ ಮಲಗಿದಾಗ ಅವರು ಪೆಟ್ಟಿಗೆ ಬಿಚ್ಚಿದರು. ನಾನೂ ವೈನಿಯೂ ನೋಡುತ್ತ ನಿಂತೆವು. ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಒಂದೊಂದಾಗಿ ಕೆಡಿಸಿದರು. ದೊಡ್ಡ ಕೆಪಾಸಿಟರ್ ಕಿತ್ತರು. ಎರಡು ಮಾಡಿದ್ದ ಆವಾಜನ್ನು ಮತ್ತೆ ಕೂಡಿಸಿ ಒಂದು ಮಾಡಿದರು. ಅಡಾಪ್ಟರಿನ ಗೊರಗೊರವನ್ನು ತಾವೇ ಬಾಗಿಲು ತೆಗೆದು ಒಳಗೆ ಬಿಟ್ಟುಕೊಂಡರು. ಹಚ್ಚಿ ನೋಡಿದಾಗ ಆ ಗದ್ದಲಕ್ಕೆ ಅವರ ಮುಖ ಹಿಂಡಿಹೋಯಿತು. ಹಳದಿ ಪಿನ್ನನ್ನು ಮಾತ್ರ ಗಟ್ಟಿಯಾಗಿ ಸಿಕ್ಕಿಸಿದರು. ಚಿತ್ರ ಕನ್ನಡಿಯ ಹಾಗೆ ಇತ್ತು.

ಅಕ್ಕ ಎದ್ದು, ಬಾಯಿ ಮುಕ್ಕಳಿಸಿ, ರಿಮೋಟು ಹಿಡಿದಳು. ಮೊದಲ ಕಲ್ಲಿಗೇ ಗಡ್ಡದವನು ಬಿದ್ದ. ಎರಡನೆಯ ಸಲವೂ ಬಿದ್ದ.

"ತಮ್ಮಾ, ಆವಾಜ್ ಖರಾಬ್ ಆಗ್ಯಾದ ನೋಡು."

"ಆವಾಜ್ ನಾನೇ ಕೆಡಿಸೀನಿ. ಚಿತ್ರ ಹಂಗೇ ಬಿಟ್ಟೀನಿ. ನೋಡಿ ಆಡು."

ಅಕ್ಕನ ಬೆರಳು ಗುಂಡಿಯ ಮೇಲೇ ನಿಂತಿತು. ಗೊರಗೊರ ಮನೆ ತುಂಬಿತ್ತು.

"ನಿನಗ ಯಾರ ಹೇಳಿದ್ರು?"

"ಹಳದಿ ಪಿನ್ನ ಹೇಳ್ತು. ಮುಂಜಾನಿ ಅದು ಬಿದ್ದಿತ್ತು ಅಕ್ಕ. ಟಿವಿಯಾಗ ಏನೂ ಇದ್ದಿಲ್ಲ."

ಆಗ ಅಕ್ಕ ಅಲ್ಲಿಯತನಕ ಯಾರಿಗೂ ಹೇಳದ ಒಂದು ಮಾತು ಹೇಳಿದಳು. ಅವರಿಬ್ಬರ ತಾಯಿಗೂ ಹೀಗೇ ಪೊರೆ ಬಂದಿತ್ತಂತೆ. ಊರೂರು ತಿರುಗುವ ಒಬ್ಬ ನಾಟಿ ವೈದ್ಯ ಕೊಂಕಲ್‌ಗೆ ಬಂದು, ಅಂಗಳದಲ್ಲಿ ಮಲಗಿಸಿ ಕಣ್ಣಿಗೆ ಸೂಜಿ ಹಾಕಿದ. ಆ ಕಣ್ಣು ಹೋಯಿತು. ಇವರು ಆಗ ತೊಟ್ಟಿಲಲ್ಲಿದ್ದರು.

"ಅವ್ವನ ತಲಿ ಅಲ್ಲಾಡದಂಗ ಹಿಡದಾಕಿ ನಾನು. ಅಕಿ ಚೀರಿದ್ದು ಈಗೂ ನನ್ನ ಕಿವ್ಯಾಗ ಅದ. ಆ ಆವಾಜ್ ತಗೀತಿಯೇನು ನೀ, ತಗಿ."

ವೈನಿಗೂ ಈ ಸಂಗತಿ ಗೊತ್ತಿರಲಿಲ್ಲ, ತಾಯಿಯ ಕಾಲ ಹತ್ತಿರ ಕುಸಿದು ಕೂತರು. ಇವರು ಎದ್ದು ಸ್ವಿಚ್ಚು ಆರಿಸಿದರು. ಗದ್ದಲ ನಿಂತ ಮೇಲೆ ನೆಲದ ಮೇಲೆ ಕೂತು ಅಕ್ಕನ ಕೈ ಹಿಡಿದರು.

"ಅದನ್ನ ತಗಿಯೂದು ನನ್ನ ಕೈಲೆ ಆಗಂಗಿಲ್ಲ ಅಕ್ಕ. ಖರೆ ಅಂದ್ರ ಇದು ಸೂಜಿ ಚುಚ್ಚೋರ ಕೆಲಸ ಅಲ್ಲ, ಕಲ್ತ ಡಾಕ್ಟರ್ ಕೆಲಸ. ನಾ ಸಂಗಟ ಇರ್ತೀನಿ."

"ತಲಿ ಹಿಡೀತಿಯೇನು?"

"ಒಳಗ ಬಿಡಂಗಿಲ್ಲ ಅಕ್ಕ."

ಅಕ್ಕ ರಿಮೋಟನ್ನು ಪಕ್ಕಕ್ಕಿಟ್ಟಳು. "ಹಂಗಾರ ಬಾಗಲದಾಗ ನಿಂತು ಮಾತಾಡು. ನಿನ್ನ ಆವಾಜ್ ನಿಂತ್ರ ನಾ ಎದ್ದು ಬರ್ತೀನಿ."

ರಾಯಚೂರಿನ ಆಸ್ಪತ್ರೆಗೆ ನಾನೂ ಹೋಗಿದ್ದೆ. ಕಣ್ಣಿಗಷ್ಟೇ ಮರಗಟ್ಟುವ ಮದ್ದು ಕೊಟ್ಟು ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಇವರು ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ನಿಂತರು. ಮಾತಾಡು ಎಂದರೆ ಮನುಷ್ಯ ಏನು ಮಾತಾಡಬೇಕು? ಅವರಿಗೆ ಬರುತ್ತಿದ್ದದ್ದು ಒಂದೇ.

"ಅಕ್ಕಾ, ನಾ ಬಾಗಲದಾಗ ಅದೀನಿ, ಓವರ್. ಮೇನ್ ಕಾಲುವೆ ಪೂರಾ ತುಂಬಿ ಹರಿಯಾಕತ್ಯಾದ, ಓವರ್. ಶಹಾಪುರ ಕಡಿ ಗೇಟ್ ಎತ್ಯಾರ, ಓವರ್. ಟೀಚರ್ ಇಲ್ಲೇ ಕುಂತಾರ, ಬಾಳೆಹಣ್ಣ ತಿನ್ನಾಕತ್ಯಾರ, ಓವರ್."

ತಿನ್ನುತ್ತಿದ್ದ ಹಣ್ಣನ್ನು ನಾನು ಸೆರಗಿನಡಿ ಮುಚ್ಚಿಕೊಂಡೆ. ವರಾಂಡದಲ್ಲಿ ಕೂತಿದ್ದ ರೋಗಿಗಳೆಲ್ಲ ಹತ್ತಿರ ಸರಿದು ಕೂತು ಕಾಲುವೆಯ ಸುದ್ದಿ ಕೇಳತೊಡಗಿದರು. "ನಮ್ಮ ಕಡಿ ಯಾವಾಗ ಬಿಡ್ತಾರ್ರಿ" ಎಂದು ಒಬ್ಬರು ಕೇಳಿಯೇಬಿಟ್ಟರು. ನರ್ಸು ಬಾಗಿಲು ತೆರೆದು, "ಯಾರ್ರಿ ಅದು, ಓವರ್ ಓವರ್ ಅಂತ ಗದ್ಲ ಮಾಡೋರು" ಎಂದು ಗದರಿಸಿದಳು. ಇಡೀ ಜನ್ಮ ಗದ್ದಲ ತೆಗೆದ ಮನುಷ್ಯನಿಗೆ ಯಾರೋ ಹಾಗೆ ಹೇಳಿದ್ದು ಅದೇ ಮೊದಲು. ಒಳಗಿನಿಂದ ಅಕ್ಕನ ದನಿ ಬಂತು, "ಅಂವಗ ಸುಮ್ಮನ ಕೂಡಸಬ್ಯಾಡ್ರಿ ನರ್ಸ್‌ಬಾಯಿ, ನಾ ಎದ್ದು ಬರ್ತೀನಿ ಮತ್ತ." ನರ್ಸು ಬಾಗಿಲು ಮುಚ್ಚಿದಳು. ಇವರು ಕಾಲುವೆಯ ನೀರನ್ನು ಮತ್ತೆ ಮುಂದಕ್ಕೆ ಹರಿಸಿದರು.

ಒಂದು ಕಣ್ಣು ಆಯಿತು, ಸ್ವಲ್ಪ ತಿಂಗಳಿಗೆ ಇನ್ನೊಂದೂ ಆಯಿತು. ಕರಿ ಚಷ್ಮಾ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಅವರು ನನ್ನನ್ನೂ ಕರೆದರು. ಕಿತ್ತದ್ದನ್ನೆಲ್ಲ ಮತ್ತೆ ಬೆಸೆದಿದ್ದರು. ಆವಾಜು ಬೇರೆ, ಚಿತ್ರ ಬೇರೆ, ಗೊರಗೊರದ ಸುಳಿವಿಲ್ಲ. ಟಿವಿಯ ಗಾಜನ್ನು ಎರಡೆರಡು ಸಲ ಒರೆಸಿದರು. ಅಕ್ಕ ಮಂಚದ ಮೇಲೆ ಕೂತಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತ ನಿಂತೆವು.

"ಇಂವನ ಅಂಗಿ ಕೆಂಪದ ಏನೋ?"

"ಹೌದಕ್ಕ."

"ಮೋಡ ಯಾವಾಗ ಹಾಕ್ದಿ?"

"ಮೋಡ ಮೊದಲಿಂದ ಅದಾವ ಅಕ್ಕ."

ಅಕ್ಕ ಮೋಡ ನೋಡುತ್ತ ಕೂತಳು, ಕಲ್ಲು ಬಂದು ಗಡ್ಡದವನನ್ನು ಬೀಳಿಸಿತು. ಮತ್ತೆ ಹಚ್ಚಿದಳು. ಈ ಸಲ ಅವನ ಅಂಗಿಯ ಗುಂಡಿ ನೋಡುತ್ತಿದ್ದಾಗ ಬಿದ್ದ. ದಾರಿಯ ಬದಿಯಲ್ಲಿ ಹೂವಿನ ಗಿಡ ಇದ್ದದ್ದು ಗೊತ್ತಾದಾಗ ಮತ್ತೊಮ್ಮೆ ಬಿದ್ದ. ಅಕ್ಕನಿಗೆ ಸಿಟ್ಟು ಬಂತು. ಸರಿಯಾಗಿ ಕೂತು, ರಿಮೋಟು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಧಡ್ ಎಂದಿತು, ಒತ್ತಿದಳು. ಗಡ್ಡದವನು ದಾಟಿದ. ಮತ್ತೆ ಧಡ್ ಎಂದಿತು, ಮತ್ತೆ ದಾಟಿದ.

"ಅಕ್ಕಾ, ಕಣ್ಣ ತಗದ ಆಡು" ಎಂದರು ಇವರು. ದನಿ ಅಳುವ ಹಂತಕ್ಕೆ ಬಂದಿತ್ತು.

"ಅಷ್ಟ ಛಂದ ಮಾಡಿಯಲ್ಲ, ನೀನೇ ನೋಡು. ನನಗ ಗೆಲ್ಲೂದದ."

ವೈನಿ ಬಾಯಿಗೆ ಸೆರಗು ಹಿಡಿದುಕೊಂಡು ಅಡುಗೆಮನೆಗೆ ಓಡಿದರು. ನಾನಂತೂ ಅಲ್ಲೇ ಕೂತು ನಕ್ಕೆ. ಅವರು ಮಂಚದ ಕೆಳಗೆ ಚಾಪೆಯ ಮೇಲೆ ಕೂತರು. ಅಕ್ಕ ಕಣ್ಣು ಮುಚ್ಚಿಕೊಂಡೇ ಒಂದೊಂದು ಕಲ್ಲು ದಾಟುತ್ತ ಹೋದಳು. ಅವರು ಟಿವಿ ಬಿಟ್ಟು ಅವಳನ್ನೇ ನೋಡುತ್ತ ಕೂತರು.